ಕುದುರೆಮುಖದ ಘಟ್ಟದಾರಿ

ಹೊರನಾಡಿಗೆ ಯಾತ್ರೆ ಬಂದವರು ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಹೊರಕ್ಕೆ ಬಂದು ಒಮ್ಮೆ ಸುತ್ತಲೂ ಕಣ್ಣು ಹಾಯಿಸುವುದುಂಟು. ಕೆಳಗೆ ಅಡಕೆಯ ತೋಟ, ಕಾಫಿಯ ತೋಟ; ಅದರ ಮೇಲೆ ಕಪ್ಪಗೆ ಕಾಣುವ ಕಾಡು; ಅದಕ್ಕೂ ಮೇಲೆ, ಮುಗಿಲಿಗೆ ತಾಗಿದಂತೆ, ಮರವೇ ಇಲ್ಲದ ಹಸುರು ನೆತ್ತಿಗಳು. ಅವುಗಳನ್ನು ನೋಡಿದ ಯಾತ್ರಿಕರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಇಷ್ಟೊಂದು ಮಳೆ ಹೊಯ್ಯುವ ಸೀಮೆಯಲ್ಲಿ ಈ ಗುಡ್ಡಗಳು ಏಕೆ ಬೋಳಾಗಿವೆ?” ನೀವೂ ಈ ಕಡೆಗೆ ಬಂದಿದ್ದರೆ ಹಾಗೆಯೇ ಕೇಳಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಕನ್ನಡ ಪಾಠ ಹೇಳುವ ನಾನೇ ಬಹುಕಾಲ ಆ ಪದವನ್ನು ಬಳಸಿದವನು.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಮ್ಮೂರ ಬೆಟ್ಟ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸುತ್ತಿದ್ದೆ. ಅವರಿಗೆ ನೆರವಾಗಲೆಂದು ಕರಿಹಲಗೆಯ ಮೇಲೆ ನಾಲ್ಕು ಪದಗಳನ್ನು ಬರೆದೆ: ಶಿಖರ, ಕಂದರ, ತೊರೆ, ಬೋಳುಗುಡ್ಡ. ಸಂಸೆಯ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಅದು ಬೋಳಲ್ಲ. ನಮ್ಮಜ್ಜನ ಕಾಲದಲ್ಲಿ ದನ ಎಲ್ಲ ಅಲ್ಲೇ ಮೇಯ್ತಿದ್ವಂತೆ. ಗೌರಿಹಬ್ಬದ ಹೊತ್ತಿಗೆ ಹೋಗಿ ನೋಡಿ ಸಾರ್, ಹೂವು ತುಳೀದೆ ಕಾಲಿಡಕ್ಕಾಗಲ್ಲ” ಎಂದಳು. ತರಗತಿ ನಕ್ಕಿತು. ನಾನೂ ನಕ್ಕು ಆ ಪದವನ್ನು ಒರೆಸಿದೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಆ ವರ್ಷದ ಭಾದ್ರಪದದಲ್ಲಿ ಹೋಗಿ ನೋಡಿದೆ. ಆಮೇಲೂ ಅನೇಕ ಸಲ ಹೋಗಿದ್ದೇನೆ. ನೋಡಿದುದನ್ನೂ, ಆ ದಾರಿಯ ಹಿಂದಿನ ಕಥೆಯನ್ನೂ ನಿಮ್ಮೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಬರೆಹ.

ಮೊದಲು ದಾರಿಯನ್ನು ಹೇಳಿಬಿಡುತ್ತೇನೆ. ಹೊರನಾಡಿನಿಂದ ಕಳಸಕ್ಕೆ ಸುಮಾರು 8 ಕಿಲೋಮೀಟರು. ಕಳಸದಿಂದ ಸಂಸೆಯನ್ನು ಹಾಯ್ದು ಕುದುರೆಮುಖದ ಪೇಟೆಗೆ ಬರಬೇಕು. ಅಲ್ಲಿಂದ ಭಗವತಿ, ಕಡಾಂಬಿಯ ಅಬ್ಬಿ, ಹನುಮನಗುಂಡಿಯ ಜಲಪಾತ ಇವುಗಳನ್ನು ದಾಟಿ ‘ಎಸ್.ಕೆ. ಬಾರ್ಡರ್’ ಎಂಬ ಜಾಗ ಸಿಕ್ಕುವುದು. ಅಲ್ಲಿ ದಾರಿ ಘಟ್ಟ ಇಳಿಯುತ್ತದೆ. ಮಾಳ, ಬಜಗೋಳಿಗಳ ಮೂಲಕ ಕಾರ್ಕಳವನ್ನು ಸೇರುತ್ತದೆ. ಈ ದಾರಿಯ ಬದಿಯ ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳೂ ಹುಟ್ಟುತ್ತವೆ. ಮೊದಲಿನ ಎರಡು ಮೂಡಲಿಗೆ ಹರಿದು ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯೆನಿಸುವುವು. ಮೂರನೆಯದು ಪಡುವಲಿಗೆ ಇಳಿದು ಮಂಗಳೂರಿನ ಬಳಿ ಕಡಲನ್ನು ಸೇರುವುದು. ಒಂದೇ ಬೆಟ್ಟದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುವ ನೆತ್ತಿ ಇದು.

ಇಲ್ಲಿಯ ಹಿರಿಯ ಶಿಖರದ ಎತ್ತರ 1,894 ಮೀಟರು. ಹಳೆಯ ಲೆಕ್ಕದಲ್ಲಿ 6,215 ಅಡಿ. ಅದಕ್ಕೆ ಎರಡು ಹೆಸರುಗಳಿರುವುದು ಸ್ವಾರಸ್ಯದ ಸಂಗತಿ. ಘಟ್ಟದ ಮೇಲಿನವರು ಸಂಸೆಯ ಮಾರ್ಗವಾಗಿ ಅದನ್ನು ಹತ್ತುತ್ತಿದ್ದುದರಿಂದ ‘ಸಂಸೆ ಪರ್ವತ’ ಎಂದು ಕರೆದರು. ಕೆಳಗಿನಿಂದ ನೋಡಿದವರಿಗೆ ಅದರ ಓರೆ ಕುದುರೆಯ ಮೋರೆಯಂತೆ ತೋರಿತು. ಅವರು ‘ಕುದುರೆಮುಖ’ ಎಂದರು. ಹತ್ತಿದವನು ದಾರಿಯ ಹೆಸರಿಟ್ಟನು, ದೂರದಿಂದ ನೋಡಿದವನು ರೂಪದ ಹೆಸರಿಟ್ಟನು. ಕಡೆಗೆ ಗೆದ್ದುದು ದೂರದಿಂದ ನೋಡಿದವನ ಹೆಸರೇ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಬೆಟ್ಟದ ಇತಿಹಾಸದಲ್ಲಿ ಮುಂದೆಯೂ ಹಾಗೆಯೇ ಆಯಿತು.

ಈ ಘಟ್ಟದಾರಿಯ ಹಳಮೆಯನ್ನು ಅರಿಯಬೇಕಾದರೆ ಕಳಸ-ಕಾರ್ಕಳ ರಾಜ್ಯವನ್ನು ನೆನೆಯಬೇಕು. ಹೊಂಬುಚ್ಚದ ಸಾಂತರರ ಒಂದು ಶಾಖೆ ಕಳಸಕ್ಕೆ ಬಂದು ನೆಲೆಸಿತು. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಇಲ್ಲಿ ಆಳಿದುದನ್ನು ಶಾಸನಗಳು ತಿಳಿಸುತ್ತವೆ. ಆಮೇಲೆ ಭೈರರಸರೆಂದು ಹೆಸರಾದ ಈ ಮನೆತನದವರು ಕಾರ್ಕಳದಲ್ಲಿಯೂ ರಾಜಧಾನಿಯನ್ನು ಕಟ್ಟಿದರು. ಒಂದು ಕಾಲು ಘಟ್ಟದ ಮೇಲೆ, ಒಂದು ಕಾಲು ಘಟ್ಟದ ಕೆಳಗೆ! ಜೈನರಾದ ಅರಸರು ಕಳಸದಲ್ಲಿ ಕಳಸೇಶ್ವರನಿಗೆ ನಡೆದುಕೊಂಡರು. ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ 42 ಅಡಿಯ ಬಾಹುಬಲಿಯನ್ನು ನಿಲ್ಲಿಸಿದನು. ಇಮ್ಮಡಿ ಭೈರರಸನು 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಇಂಥ ರಾಜ್ಯವು ನಿಲ್ಲಬೇಕಾದರೆ ಘಟ್ಟ ಹತ್ತಿ ಇಳಿಯುವ ದಾರಿಗಳು ತೆರೆದಿರಬೇಕಷ್ಟೆ. ಮೇಲಿನಿಂದ ಮೆಣಸು, ಏಲಕ್ಕಿ, ಅಡಕೆ ಇಳಿದುವು. ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನು ಏರಿದುವು. ಹೊತ್ತದ್ದು ಹೇರೆತ್ತುಗಳು. ಮಳೆಗಾಲದ ನಾಲ್ಕು ತಿಂಗಳು ಘಟ್ಟವೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಮಳೆಗೆ ಮುಂಚೆ ಉಪ್ಪು ತುಂಬಿಕೊಳ್ಳದ ಮನೆಯವರು ಸಪ್ಪೆ ಉಣ್ಣಬೇಕಾಗಿತ್ತು.

ಆ ಹೇರೆತ್ತುಗಳು ದಣಿವಾರಿಸಿಕೊಂಡು ಮೇಯ್ದುದೆಲ್ಲಿ? ಇದೇ ‘ಬೋಳು’ ನೆತ್ತಿಗಳಲ್ಲಿ. ಅಂದಿನವರಿಗೆ ಇದು ಬೋಳಾಗಿರಲಿಲ್ಲ, ಹುಲ್ಲುಬೆಟ್ಟವಾಗಿತ್ತು. ಈ ಹುಲ್ಲು ಕಾಡು ಕಡಿದ ಮೇಲೆ ಹುಟ್ಟಿದುದೆಂದು ಹಲವರು ತಿಳಿದಿದ್ದಾರೆ. ಆದರೆ ನೀಲಗಿರಿಯ ಎತ್ತರದಲ್ಲಿ, ಇಂಥದೇ ನೆಲದಲ್ಲಿ, ಜೌಗಿನ ಮಣ್ಣನ್ನು ಪದರಪದರವಾಗಿ ತೆಗೆದು ಪರೀಕ್ಷಿಸಿದ ವಿಜ್ಞಾನಿಗಳು 1993ರಲ್ಲಿ ಬೇರೆಯ ಮಾತನ್ನು ತಿಳಿಸಿದರು: ಅಲ್ಲಿ ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೇ ಹುಲ್ಲು ಇತ್ತು, ಹವೆ ಬದಲಾದಂತೆ ಹುಲ್ಲೂ ಕಾಡೂ ಒಂದಕ್ಕೊಂದು ಎಡೆಗೊಡುತ್ತ ಬಂದುವು. ತೆಳ್ಳಗಿನ ಮಣ್ಣು, ಬಿರುಗಾಳಿ, ಬೇಸಗೆಯ ಬೆಂಕಿ ಇವನ್ನು ತಾಳಿಕೊಂಡು ನೆತ್ತಿಯಲ್ಲಿ ಹುಲ್ಲು ನಿಲ್ಲುತ್ತದೆ. ಗಾಳಿಗೆ ಮರೆಯಾಗಿ ನೀರು ನಿಲ್ಲುವ ಮಡಿಕೆಗಳಲ್ಲಿ ಮಾತ್ರ ಮರಗಳು ಗುಂಪುಗೂಡುತ್ತವೆ. ಈ ಗುಂಪಿಗೆ ಶೋಲಾ ಕಾಡೆಂದು ಹೆಸರು. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ ಬೀಳುವುದು. ಆ ನೀರನ್ನು ಹುಲ್ಲಿನ ಬೇರೂ ಶೋಲಾದ ತರಗೆಲೆಯೂ ಹೀರಿ ಹಿಡಿದುಕೊಂಡು ಬೇಸಗೆಯವರೆಗೆ ತೊಟ್ಟುತೊಟ್ಟಾಗಿ ಬಿಡುವುದರಿಂದಲೇ ಭದ್ರೆ ಬತ್ತುವುದಿಲ್ಲ.

ಇನ್ನು ಹೂವುಗಳ ವಿಚಾರ. ಮಳೆಯ ಮೊದಲಿಗೆ ತೋಟದ ಮರಗಳ ಮೇಲೆ ಸೀತಾಳೆ ದಂಡೆ ಇಳಿಬೀಳುತ್ತದೆ. ಬಿಳುಪು ನೇರಿಳೆ ಬೆರೆತ ಆ ಮಾಲೆಯನ್ನು ವನವಾಸದ ಸೀತೆ ಮುಡಿದಳೆಂದು ನಮ್ಮ ಹೆಂಗಸರು ಹೇಳುತ್ತಾರೆ. ಭಾದ್ರಪದ ಬಂದಿತೆಂದರೆ ಬೇಲಿಗಳಲ್ಲಿ, ಕಾಡಿನಂಚುಗಳಲ್ಲಿ ಗೌರಿ ಹೂವು. ಸಂಸ್ಕೃತದಲ್ಲಿ ಅಗ್ನಿಶಿಖೆ. ಹಳದಿ ಕೆಂಪುಗಳ ಎಸಳು ಮೇಲ್ಮುಖವಾಗಿ ಉರಿಯುವಂತೆ ತೋರುವುದರಿಂದ ಆ ಹೆಸರು ತಕ್ಕುದೇ. ಗಡ್ಡೆ ಮಾತ್ರ ಘೋರ ವಿಷ. ಹಬ್ಬಕ್ಕೆ ಹೂವನ್ನು ತರುವ ಮಕ್ಕಳಿಗೆ ಹಿರಿಯರು ಇದನ್ನು ಹೇಳದೆ ಇರುವುದಿಲ್ಲ.

ಹುಲ್ಲುಬೆಟ್ಟಕ್ಕೆ ಏರಿದರೆ ಹೂವುಗಳು ಕುಳ್ಳಾಗುತ್ತ ಹೋಗುತ್ತವೆ. ನೋಡಬೇಕಾದರೆ ಬಗ್ಗಬೇಕು. ಒದ್ದೆ ಬಂಡೆಯ ಮೇಲೆ ಕರ್ಣಕುಂಡಲದ ಜಾತಿಯ ನಸುಗೆಂಪು ಹೂಗಳು. ಹುಲ್ಲಿನ ನಡುವೆ ನೆಲದಿಂದಲೇ ಏಳುವ ಬಿಳಿಯ ಸೀತಾಳೆಗಳು. ನೀರು ಒಸರುವ ಕಡೆ ಗುಂಡುಸೂಜಿಯ ತಲೆಯಂಥ ಬಿಳಿಯ ಹೂಗಳು ಚೆಲ್ಲಿದ ಮಂಡಕ್ಕಿಯಂತೆ. ಅವುಗಳ ನಡುವೆ ಒಂದು ಪುಟ್ಟ ಕೆಂಪು ಗಿಡ. ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಅಂಟು. ಇಬ್ಬನಿಯೆಂದು ನಂಬಿ ಬಂದು ಕುಳಿತ ಹುಳು ಮತ್ತೆ ಏಳುವುದಿಲ್ಲ. ಮಳೆ ತೊಳೆದ ಮಣ್ಣಿನಲ್ಲಿ ಸಾರವಿಲ್ಲವಾದುದರಿಂದ ಈ ಗಿಡ ತನ್ನ ಊಟವನ್ನು ಗಾಳಿಯಿಂದ ಹಿಡಿಯುವುದನ್ನು ಕಲಿತಿದೆ. ನೀಲಿ ಹೂವಿನ ಇನ್ನೊಂದು ಜಾತಿಯು ಇದೇ ಕೆಲಸವನ್ನು ನೆಲದೊಳಗೆ ಮಾಡುತ್ತದೆ: ಬೇರಿನಂತಿರುವ ಎಳೆಗಳಲ್ಲಿ ಸಣ್ಣ ಚೀಲಗಳನ್ನಿಟ್ಟುಕೊಂಡು ನೀರಿನ ಕ್ರಿಮಿಗಳನ್ನು ಹೀರುತ್ತದೆ.

ಇವೆಲ್ಲಕ್ಕಿಂತ ಹೆಸರಾದುದು ಗುರಿಗೆ. ತಮಿಳು ನಾಡಿನವರು ಕುರಿಂಜಿಯೆನ್ನುವರು. ಇದರಲ್ಲಿ ಹಲವು ಜಾತಿಗಳು. ಕೆಲವು ಏಳೆಂಟು ವರ್ಷಕ್ಕೊಮ್ಮೆ, ಕೆಲವು ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವುವು. ಒಂದು ಗುಡ್ಡದ ಗಿಡಗಳೆಲ್ಲವೂ ಒಟ್ಟಿಗೆ ಮೊಳೆತು, ಒಟ್ಟಿಗೆ ಬೆಳೆದು, ಒಂದೇ ಕಾಲದಲ್ಲಿ ಹೂತು, ಬೀಜ ಚೆಲ್ಲಿ, ಒಟ್ಟಿಗೆ ಒಣಗುತ್ತವೆ. ಬೀಜವನ್ನು ತಿನ್ನುವ ಪ್ರಾಣಿಗಳು ತಿಂದು ಮುಗಿಸಲಾರದಷ್ಟು ಬೀಜವನ್ನು ಒಮ್ಮೆಗೇ ಸುರಿಯುವುದು ಇದರ ಉಪಾಯವೆಂದು ಬಲ್ಲವರು ಹೇಳುತ್ತಾರೆ. 2022ರ ಸೆಪ್ಟೆಂಬರು ಅಕ್ಟೋಬರುಗಳಲ್ಲಿ ನಮ್ಮ ಜಿಲ್ಲೆಯ ಚಂದ್ರದ್ರೋಣ ಪರ್ವತ ನೀಲಿಯಾದಾಗ ನಾಡಿನ ನಾನಾ ಕಡೆಯ ಜನ ಬಂದು ನೋಡಿದರು. ನನಗೆ ತೋರುವ ಸಾಮ್ಯವೊಂದನ್ನು ಹೇಳಲೆ? ಘಟ್ಟದ ಕೆಳಗೆ ಕಾರ್ಕಳದ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. ಘಟ್ಟದ ಮೇಲೆ ಬೆಟ್ಟದ ಮಸ್ತಕಕ್ಕೂ ಹನ್ನೆರಡು ವರ್ಷಕ್ಕೊಮ್ಮೆ ಅಭಿಷೇಕ. ಗುಡ್ಡವನ್ನು ಹನ್ನೊಂದು ವರ್ಷ ನೋಡಿದವನೂ ಅದನ್ನು ಪೂರ್ತಿ ನೋಡಿದಂತಾಗುವುದಿಲ್ಲ.

ಮೃಗಗಳಿಗೂ ಹುಲ್ಲು ಕಾಡು ಎರಡೂ ಬೇಕು. ನಮ್ಮವರು ಕಾಟಿಯೆಂದು ಕರೆಯುವ ಕಾಡುಕೋಣ ಬೆಳಗ್ಗೆ ಸಂಜೆ ಹುಲ್ಲಿಗೆ ಬಂದು ಹಗಲು ಶೋಲಾದ ನೆರಳಿಗೆ ಸರಿಯುತ್ತದೆ. ಕಡವೆಯೂ ಹಾಗೆಯೇ. ಅವುಗಳ ಹಿಂದೆ ಹುಲಿ, ಚಿರತೆ. ಮುಂಜಾನೆ ತೊರೆಯ ಬದಿಯಲ್ಲಿ ಸಿಳ್ಳಾರ ಹಕ್ಕಿಯ ದನಿ ಕೇಳಿದವರು ಯಾರೋ ಹುಡುಗ ಸಿಳ್ಳು ಹಾಕುತ್ತಿದ್ದಾನೆಂದು ತಿರುಗಿ ನೋಡುವುದುಂಟು. ಕಾಡಿನ ಒಳಗೆ ಮಂಗಟ್ಟೆಯ ರೆಕ್ಕೆಯ ಸದ್ದು. ಈ ಬೆಟ್ಟದ ಹೆಸರನ್ನೇ ಹೊತ್ತ ಒಂದು ಕಪ್ಪೆಯನ್ನು ವಿಜ್ಞಾನಿಗಳು 2008ರಲ್ಲಿ ಜಗತ್ತಿಗೆ ಪರಿಚಯಿಸಿದರು. ಆದರೆ ಈ ಕಾಡಿನ ಮುಖ್ಯ ಒಡೆಯ ಸಿಂಗಳೀಕ. ಕರಿಯ ಮೈ, ಮೋರೆಯ ಸುತ್ತ ಬೂದು ಬಿಳುಪಿನ ಕೇಸರ, ಸಿಂಹದಂತೆ ಕುಚ್ಚಿನ ಬಾಲ. ಪಶ್ಚಿಮಘಟ್ಟವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಕಾಡಿನಲ್ಲಿ ಇದು ಹುಟ್ಟಿ ಬೆಳೆಯುವುದಿಲ್ಲ. ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿಯಾದುದರಿಂದ ಕಾಡು ತುಂಡಾದರೆ ಇದರ ಕುಲವೂ ತುಂಡಾಗುತ್ತದೆ. ಈ ಮೂಕಪ್ರಾಣಿಯೇ ಮುಂದೆ ಬೆಟ್ಟದ ಪರವಾಗಿ ಸಾಕ್ಷಿ ನುಡಿದುದನ್ನು ನೋಡುವಿರಿ.

ಮತ್ತೆ ಇತಿಹಾಸಕ್ಕೆ ಬರೋಣ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಘಟ್ಟದ ಕೆಳಗಿನ ಕನ್ನಡ ಜಿಲ್ಲೆ ಕಂಪೆನಿಯ ಪಾಲಾಯಿತು; ಮೇಲಿನ ಸೀಮೆ ಮೈಸೂರು ಅರಸರದಾಯಿತು. ಭೈರರಸರ ಕಾಲದಲ್ಲಿ ಎರಡು ಊರುಗಳನ್ನು ಕೂಡಿಸುತ್ತಿದ್ದ ಘಟ್ಟ ಈಗ ಎರಡು ರಾಜ್ಯಗಳನ್ನು ಬೇರ್ಪಡಿಸುವ ಗೆರೆಯಾಯಿತು. ದಕ್ಷಿಣ ಕನ್ನಡದ ಇಂಗ್ಲಿಷ್ ಅಧಿಕಾರಿಗಳು ಬೇಸಗೆಯ ಸೆಕೆ ತಾಳಲಾರದೆ ಶಿಖರದ ಬಳಿಗೆ ಬಂದು ತಂಗುತ್ತಿದ್ದರು. ಅವರಿಗೆ ಇದು ತಂಪಿನ ತಾಣ. 1956ರ ನವೆಂಬರ್ 1ರಂದು ಎರಡು ಕಡೆಯ ಕನ್ನಡಿಗರೂ ಒಂದು ರಾಜ್ಯದವರಾದರು, ಗಡಿ ಅಳಿಯಿತು. 1997ರಲ್ಲಿ ಕಾರ್ಕಳವು ಹೊಸ ಉಡುಪಿ ಜಿಲ್ಲೆಗೆ ಸೇರಿದುದರಿಂದ ಘಟ್ಟದ ಆಚೆ ಈಗ ದಕ್ಷಿಣ ಕನ್ನಡವೂ ಇಲ್ಲ. ಆದರೂ ಬಸ್ಸಿನ ಕಂಡಕ್ಟರು ‘ಎಸ್.ಕೆ. ಬಾರ್ಡರ್’ ಎಂದೇ ಕೂಗುತ್ತಾನೆ. ‘ಸೌತ್ ಕೆನರಾ ಬಾರ್ಡರ್’ ಎಂಬುದರ ಮೋಟುರೂಪ ಅದು. ರಾಜ್ಯ ಹೋಯಿತು, ಜಿಲ್ಲೆಯೂ ಹೋಯಿತು, ಹೆಸರು ನಿಂತಿತು. ಹೆಸರುಗಳ ಬಾಳಿಕೆ ಅಷ್ಟು ಗಟ್ಟಿ. ಆದ್ದರಿಂದಲೇ ತಪ್ಪು ಹೆಸರಿಡುವುದು ಅಪಾಯ.

ಈ ನಡುವೆ, 1913ರಲ್ಲಿ, ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರರು ಇಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಅದಿರು ಅಪಾರ, ಆದರೆ ಅದರಲ್ಲಿ ಕಬ್ಬಿಣದ ಅಂಶ ಕಡಮೆ. ಬಂಡೆಯನ್ನು ಪುಡಿಮಾಡಿ, ತೊಳೆದು, ಸಾರವನ್ನು ಬೇರ್ಪಡಿಸಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಕಾಲ ಕೂಡಿಬಂದುದು ಆರು ದಶಕಗಳಾದ ಮೇಲೆ. 1975ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಹುಟ್ಟಿತು. ಮಲ್ಲೇಶ್ವರವೆಂಬ ಹಳ್ಳಿಯ ಜಾಗದಲ್ಲಿ ಪೇಟೆ ಎದ್ದಿತು. ಅದಿರಿನ ರಾಡಿಯನ್ನು 67 ಕಿಲೋಮೀಟರು ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿನ ಬಂದರಿಗೆ ಮುಟ್ಟಿಸಿದರು. ಹಿಂದೆ ಹೇರೆತ್ತುಗಳು ಇಳಿದ ಘಟ್ಟದಲ್ಲಿ ಈಗ ಬೆಟ್ಟವೇ ನೀರಾಗಿ ಇಳಿಯಿತು! ತೊಳೆದು ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರು ಎತ್ತರದ ಅಣೆಕಟ್ಟು ಕಟ್ಟಿದರು. 1979ರ ಕ್ರಾಂತಿಯ ತರುವಾಯ ಇರಾನ್ ಹಿಂದೆ ಸರಿದರೂ ಕೆಲಸ ನಿಲ್ಲಲಿಲ್ಲ. ಬೇರೆ ದೇಶಗಳು ಕೊಳ್ಳಲು ಮುಂದೆ ಬಂದುವು.

ಆ ಕಾಲದ ಹೆಮ್ಮೆಯನ್ನು ಮರೆಮಾಚುವುದು ನ್ಯಾಯವಲ್ಲ. ಬಾಲಕನಾಗಿದ್ದಾಗ ನನಗೂ ಆ ಹೆಮ್ಮೆಯಿತ್ತು. ಮಲೆನಾಡಿನ ಮೂಲೆಯಲ್ಲಿ ವಿದ್ಯುತ್ತಿನ ದೀಪಗಳ ಸಾಲು, ಆಸ್ಪತ್ರೆ, ಶಾಲೆ, ಸಾವಿರಾರು ಸಂಸಾರಗಳಿಗೆ ಅನ್ನ. ಬೆಟ್ಟ ಹೇಗೂ ಬೋಳು, ಅಗೆದರೆ ನಷ್ಟವೇನು ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ನೋಡಿ, ಒಂದು ಪದ ಎಷ್ಟು ಕೆಲಸ ಮಾಡಿತು!

ನಷ್ಟವೇನೆಂಬುದು ಮೆಲ್ಲಗೆ ತಿಳಿಯಿತು. ಮಳೆಗಾಲದಲ್ಲಿ ಅಗೆದ ನೆಲದ ಹೂಳು ಭದ್ರೆಗೆ ಇಳಿಯತೊಡಗಿತು. 1983-84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳನ್ನು ಹುಡುಕಿ ಎಣಿಸಿದಾಗ ಕುದುರೆಮುಖದ ಕಾಡುಗಳು ಅವುಗಳ ದೊಡ್ಡ ಆಸರೆಯೆಂದು ತಿಳಿದುಬಂದಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರು ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸರಕಾರ ಪ್ರಕಟಿಸಿತು. ಗಣಿಯ ಗುತ್ತಿಗೆ 1999ರಲ್ಲಿ ಮುಗಿಯಿತು. ಮುಂದುವರಿಸಬೇಕೆ ಬೇಡವೆ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರಾದ ಕೆ.ಎಂ. ಚಿಣ್ಣಪ್ಪನವರು ಅರ್ಜಿದಾರರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು: 2005ರ ಕೊನೆಗೆ ಗಣಿ ನಿಲ್ಲತಕ್ಕದ್ದು. ಹಾಗೆಯೇ ನಿಂತಿತು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳನ್ನು ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಒಂದಾಯಿತು.

ಕಥೆ ಇಲ್ಲಿಗೆ ಸುಖಾಂತವೆಂದು ಹೇಳಿದರೆ ನಾನು ನಿಮಗೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. ಗಣಿ ನಿಂತಾಗ ಪೇಟೆ ಬರಿದಾಯಿತು. ಅನ್ನ ಕಳೆದುಕೊಂಡವರ ದುಃಖ ಸುಳ್ಳಲ್ಲ. ಉದ್ಯಾನದೊಳಗೆ ತಲೆಮಾರುಗಳಿಂದ ಗದ್ದೆ ತೋಟ ಮಾಡಿಕೊಂಡಿದ್ದ ಮನೆಗಳವರಿಗೆ ಇರುವುದೋ ಹೊರಡುವುದೋ ಎಂಬ ಚಿಂತೆ ಹತ್ತಿತು; ಕೆಲವರು ಪರಿಹಾರ ಪಡೆದು ಹೊರಟರು, ಕೆಲವರು ಉಳಿದರು. ಹುಲ್ಲಿನ ಹೆಸರುಗಳನ್ನೂ ಹೂವಿನ ಕಾಲವನ್ನೂ ಬಲ್ಲವರು ಅವರೇ. ಬೆಟ್ಟವನ್ನು ಉಳಿಸುವವರು ಅವರ ನೆನಪನ್ನೂ ಉಳಿಸಬೇಕೆಂಬುದು ನನ್ನ ಬಿನ್ನಹ.

ಇನ್ನೊಂದು ಗಾಯ ಹಸುರು ಬಣ್ಣದ್ದು. ಆದುದರಿಂದ ಕಣ್ಣಿಗೆ ಬೀಳುವುದಿಲ್ಲ. ಬೋಳೆಂದು ಕರೆದ ಮೇಲೆ ಮರ ನೆಡುವುದು ಪುಣ್ಯಕಾರ್ಯವೆಂದು ತೋರುವುದು ಸಹಜ. ಒಳ್ಳೆಯ ಮನಸ್ಸಿನಿಂದಲೇ ಹುಲ್ಲುಬೆಟ್ಟಗಳಲ್ಲಿ ಅಕೇಶಿಯಾ ಮೊದಲಾದ ಪರದೇಶದ ಮರಗಳನ್ನು ನೆಟ್ಟರು. ಅವುಗಳ ನೆರಳಿನಲ್ಲಿ ಹುಲ್ಲು ಸಾಯುತ್ತದೆ; ಕಾಟಿಗೆ ಮೇವಿಲ್ಲ; ಬಿಸಿಲನ್ನು ಬೇಡುವ ಪುಟ್ಟ ಹೂವುಗಳಿಗೆ ಎಡೆಯಿಲ್ಲ. ಅಗೆದ ಬೆಟ್ಟವನ್ನು ನೋಡಿದವರು ಅಯ್ಯೋ ಎಂದರು. ನೆಟ್ಟ ಬೆಟ್ಟವನ್ನು ನೋಡಿದವರು ಭೇಷ್ ಎಂದರು. ಎರಡಕ್ಕೂ ಮೂಲ ಒಂದೇ ಪದ.

ಈಗ ಆ ದಾರಿಯಲ್ಲಿ ಹೋದರೆ ಲಕ್ಯಾ ಅಣೆಕಟ್ಟಿನ ಹಿಂದೆ ಹೂಳಿನ ಬಯಲು ಕಾಣುತ್ತದೆ. ಅದರ ಅಡಿಯಲ್ಲಿ ಒಂದು ಕಣಿವೆಯಿತ್ತು. ಅದು ಮರಳಿ ಬರುವುದಿಲ್ಲ. ಸುತ್ತಲಿನ ನೆತ್ತಿಗಳಲ್ಲಿ ಹುಲ್ಲು ಇನ್ನೂ ಅಲೆಯಾಡುತ್ತಿದೆ. ಹೊರನಾಡಿಗೆ ಬಂದಾಗ ಬಿಡುವಿದ್ದರೆ, ಅರಣ್ಯ ಇಲಾಖೆಯ ನಿಯಮಕ್ಕೆ ಒಳಪಟ್ಟು, ಮಳೆ ಇಳಿದ ಮೇಲೆ ಒಂದು ದಿನ ಅತ್ತ ಹೋಗಿ. ಹೂವನ್ನು ಕೀಳಬೇಡಿ, ಬಾಟಲಿ ಚೀಲಗಳನ್ನು ಚೆಲ್ಲಬೇಡಿ, ಸಿಂಗಳೀಕಕ್ಕೆ ಬಾಳೆಹಣ್ಣು ಎಸೆಯಬೇಡಿ. ಬಗ್ಗಿ ನೋಡಿ.

ನನ್ನ ವಿದ್ಯಾರ್ಥಿನಿ ಈಗ ಊರಿನಲ್ಲಿಲ್ಲ. ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಗೌರಿಹಬ್ಬಕ್ಕೆ ಬಂದಾಗ ಒಮ್ಮೆ ಕಳಸದ ರಥಬೀದಿಯಲ್ಲಿ ಸಿಕ್ಕಿ, “ಸಾರ್, ಬೋರ್ಡಿನ ಮೇಲೆ ಈಗ ಏನು ಬರೀತೀರಿ?” ಎಂದು ನಗುತ್ತ ಕೇಳಿದಳು. ‘ಹುಲ್ಲುಬೆಟ್ಟ’ ಎಂದು ಬರೆಯುತ್ತೇನಮ್ಮ ಎಂದೆ. ಪ್ರತಿ ವರ್ಷವೂ ಹಾಗೆಯೇ ಬರೆಯುತ್ತಿದ್ದೇನೆ.